ಸಿಂಬಿಯ ಮೇಲೆ ಕೂತ ಬಟ್ಟಲು

ನಮ್ಮೂರಿನಲ್ಲಿ ಹಲ್ಲುನೋವನ್ನು ಗುಟ್ಟಾಗಿಡುವುದು ಯಾರಿಂದಲೂ ಆಗದ ಮಾತು. ಹೆಸರಿಡುವ ದಿನ ತಾಯಿ ತನ್ನ ಕೈಯಾರೆ ಮಗುವಿನ ಕಂಚಿನ ಬಟ್ಟಲನ್ನು ಗೋಡೆಯ ಗೂಡಿನಲ್ಲಿ ಕೂರಿಸುತ್ತಾಳೆ. ಅಂದಿನಿಂದ ಆ ಜೀವಕ್ಕೆ ಎಲ್ಲಿ ನೋವಾದರೂ ಬಟ್ಟಲು ಗುಂಯ್ ಎನ್ನುತ್ತದೆ. ಗಂಡ ಸಂತೆಯಲ್ಲಿ ಎಡವಿದರೆ ಮನೆಯಲ್ಲಿ ಹೆಂಡತಿ ಅರಿಸಿನ ಅರೆದಿಟ್ಟಿರುತ್ತಾಳೆ. ಹೆರಿಗೆಯಾಗುವ ಮನೆಯ ಅಕ್ಕಪಕ್ಕದವರು ಮಾತು ಕೇಳಿಸದೆ ಕೈಸನ್ನೆಯಲ್ಲೇ ಸಾರು ಹುಳಿ ಬಡಿಸಿಕೊಳ್ಳುತ್ತಾರೆ. ಮದುವೆ ಗೊತ್ತಾದರೆ ಮೊದಲು ಮಾಡುವ ಕೆಲಸ, ಮಂಡಿನೋವಿನ ಮುದುಕರ ಬಟ್ಟಲುಗಳನ್ನು ಹಿತ್ತಲ ಕೋಣೆಗೆ ಸಾಗಿಸುವುದು. ಇಲ್ಲದಿದ್ದರೆ ವಾಲಗದವರು ಶ್ರುತಿ ಸಿಗುವುದಿಲ್ಲವೆಂದು ಗೊಣಗುತ್ತಾರೆ. ಮನಸ್ಸಿನ ನೋವಿಗೆ ಮಾತ್ರ ಬಟ್ಟಲು ತುಟಿಪಿಟಕ್ ಎನ್ನುವುದಿಲ್ಲ. ಅದಕ್ಕೂ ನುಡಿಯುವ ಹಾಗಿದ್ದಿದ್ದರೆ ಈ ಊರಿನಲ್ಲಿ ಯಾರೂ ಸಂಸಾರ ಮಾಡುತ್ತಿರಲಿಲ್ಲ ಬಿಡಿ.

ನಾನು ದೇವೀರಮ್ಮ. ಪೇಟೆಬೀದಿಯಲ್ಲಿ ಬಳೆ ಅಂಗಡಿ ಇಟ್ಟುಕೊಂಡಿದ್ದೇನೆ. ನನ್ನ ಬಲಮಂಡಿ ಮೋಡ ಕವಿದರೆ ಸಾಕು ಹಟ ಹಿಡಿಯುತ್ತದೆ. ಆಗ ನನ್ನ ಬಟ್ಟಲಿನ ಸದ್ದು ಕೇಳಿ ಎದುರುಮನೆಯವರು ಒಣಹಾಕಿದ ಹಪ್ಪಳ ಎತ್ತಿಕೊಳ್ಳುತ್ತಾರೆ. ಹೀಗೆ ನನ್ನ ಮಂಡಿಯಿಂದ ಊರಿಗಾದರೂ ಉಪಕಾರವಿದೆ.

ವಾರಿಜ ನನ್ನ ಅಂಗಡಿಗೆ ಕೆಲಸಕ್ಕೆ ಬಂದಾಗ ಅವಳಿಗೆ ಮದುವೆಯಾಗಿ ಒಂದೆರಡು ವರ್ಷವಾಗಿತ್ತು. ಅವಳನ್ನು ಚಿಕ್ಕಂದಿನಿಂದ ಬಲ್ಲೆ. ಇಡೀ ಊರೇ ಬಲ್ಲದು. ಶಾಲೆಯ ವಾರ್ಷಿಕೋತ್ಸವದಲ್ಲಿ ಕಾಲೆತ್ತಿ ಕತ್ತಿನ ಹಿಂದೆ ಹಾಕಿಕೊಂಡು, ಹೆಬ್ಬೆರಳನ್ನು ಹಿಂದಕ್ಕೆ ಮಡಿಸಿ ಮುಂಗೈಗೆ ಮುಟ್ಟಿಸಿ ಚಪ್ಪಾಳೆ ಗಿಟ್ಟಿಸುತ್ತಿದ್ದ ಹುಡುಗಿ. ರಬ್ಬರ್ ಗೊಂಬೆ ಎಂದೇ ಅವಳ ಹೆಸರು. ಬಳೆ ತೊಡಲು ಬಂದರೆ ಅವಳ ಅಂಗೈ ರುಮಾಲಿನ ಹಾಗೆ ಮಡಿಚಿಕೊಳ್ಳುತ್ತಿತ್ತು. ಪುಟ್ಟ ಮಕ್ಕಳ ಬಳೆಯೂ ಅದಕ್ಕೆ ಏರುತ್ತಿತ್ತು. ನಾನೇ ಎಷ್ಟೋ ಸಲ ಗಿರಾಕಿಗಳ ಮುಂದೆ ಅವಳ ಕೈ ಹಿಡಿದು ಜಂಬ ಕೊಚ್ಚಿಕೊಂಡಿದ್ದೇನೆ.

ಅದೇ ಮೈ ಅವಳಿಗೆ ಮುಳುವಾಗಿತ್ತು. ತಂತಿಯ ಮೇಲಿನ ಸೀರೆ ಎಳೆದರೆ ಭುಜದ ಕೀಲು ಜಾರುತ್ತಿತ್ತು. ಮುದ್ದೆ ತೊಳಸುವಾಗ ಮಣಿಕಟ್ಟು ಜಾರುತ್ತಿತ್ತು. ಒಮ್ಮೆ ಆಕಳಿಸಿದ್ದಕ್ಕೆ ದವಡೆ ಸಿಕ್ಕಿಕೊಂಡು ಅರ್ಧ ದಿನ ಬಾಯಿ ಮುಚ್ಚಲಾಗದೆ ಕೂತಿದ್ದಳು. ಗಿರಾಕಿಗೆ ಬಳೆ ತೊಡಿಸುತ್ತಿರುವಾಗ ಅವಳ ಹೆಬ್ಬೆರಳು ಲಟಕ್ಕನೆ ಬುಡದಿಂದ ಸರಿಯುವುದನ್ನು, ಅವಳು ಮುಖದ ನಗು ಕೆಡದಂತೆ ಅದನ್ನು ಒತ್ತಿ ಒಳಕ್ಕೆ ಕೂರಿಸಿಕೊಳ್ಳುವುದನ್ನು ನನ್ನ ಕಣ್ಣಾರೆ ನೋಡಿದ್ದೇನೆ. ಆಮೇಲೆ ಒಳಗೆ ಹೋಗಿ ಬಳೆಪೆಟ್ಟಿಗೆಗಳ ಸಂದಿಯಲ್ಲಿ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದಳು.

ಆದರೆ ಅವಳ ಬಟ್ಟಲು ನುಡಿಯುತ್ತಿರಲಿಲ್ಲ. ನಾವು ಕಂಡಂತೆ ಒಂದು ದಿನವೂ ಇಲ್ಲ.

ಗಂಡನ ಮನೆಯ ಗೂಡಿನಲ್ಲಿ ಕೆಂಪು ಬಟ್ಟೆ ಸುತ್ತಿಕೊಂಡು ಅದು ಮದುಮಗಳ ಹಾಗೆ ತಲೆ ತಗ್ಗಿಸಿ ಕೂತಿರುತ್ತಿತ್ತು. ಹೆಣ್ಣು ಮದುವೆಯಾಗಿ ಹೋದರೆ ಬಟ್ಟಲು ತಾನು ಕೂತ ಮಣೆಯ ಸಮೇತ, ಕಟ್ಟಿದ ಬಟ್ಟೆಯ ಸಮೇತ ಹೋಗುತ್ತದೆ. ಹೊತ್ತುಕೊಂಡು ಹೋಗಲು ಯಾರಾದರೂ ಆದೀತು. ಬಟ್ಟೆಯ ಗಂಟು ಬಿಚ್ಚಿ ಬಟ್ಟಲನ್ನು ಆಸನದಿಂದ ಎತ್ತುವ ಹಕ್ಕು ಮಾತ್ರ ಅದನ್ನು ಕೂರಿಸಿದ ತಾಯಿಗೆ. ವಾರಿಜಳ ಅತ್ತೆ ದಿನಕ್ಕೊಮ್ಮೆ ಆ ಗೂಡಿನ ಕಡೆ ನೋಡಿ ಮೂಗು ಮುರಿಯುತ್ತಿದ್ದರು. "ಸೊಸೆಗೆ ಭುಜ ನೋವಂತೆ, ಬಟ್ಟಲಿಗೆ ಗೊತ್ತೇ ಇಲ್ವಂತೆ" ಎಂದು ನನ್ನ ಅಂಗಡಿಗೇ ಬಂದು ಹೇಳಿ ಹೋಗಿದ್ದರು. ಗಂಡ ಸಿದ್ಧಲಿಂಗು ಒಳ್ಳೆಯವನೇ. ಆದರೆ ಬಟ್ಟಲನ್ನೂ ಹೆಂಡತಿಯನ್ನೂ ಒಟ್ಟಿಗೆ ನಂಬುವುದು ಹೇಗೆಂದು ತಿಳಿಯದೆ ಆ ಮಾತು ಬಂದಾಗ ಎದ್ದು ದನಕ್ಕೆ ನೀರು ತೋರಿಸಲು ಹೋಗುತ್ತಿದ್ದ.

ಆ ವರ್ಷ ನಮ್ಮ ಆಸ್ಪತ್ರೆಗೆ ರೆಹಾನಾ ಎಂಬ ಡಾಕ್ಟರಮ್ಮ ಬಂದರು. ನಾನೇ ವಾರಿಜಳನ್ನು ಎಳೆದುಕೊಂಡು ಹೋದೆ. ಡಾಕ್ಟರಮ್ಮ ಅವಳ ಬೆರಳು, ಮೊಣಕೈ, ಮಂಡಿಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದರು. ಕೈಯ ಚರ್ಮವನ್ನು ಮೆಲ್ಲಗೆ ಎಳೆದು ನೋಡಿದರು.

"ನಿನ್ನ ಕೀಲುಗಳನ್ನ ಹಿಡಿದಿಡೋ ನಾರೇ ಸಡಿಲ ಕಣಮ್ಮ. ಹುಟ್ಟಿನಿಂದಲೇ ಹೀಗೆ. ಜನ ಬಗ್ಗೋದನ್ನ ನೋಡ್ತಾರೆ, ಜಾರೋದನ್ನ ನೋಡಲ್ಲ. ನೋವು ಇರೋದು ನಿಜ" ಎಂದರು.

ವಾರಿಜ ಆ ಕೊನೆಯ ಮಾತಿಗೆ ಅತ್ತುಬಿಟ್ಟಳು. ನಾನೂ ಸೆರಗಿಗೆ ಮೂಗೊರೆಸಿಕೊಂಡೆ.

ಡಾಕ್ಟರಮ್ಮ ಸುಮ್ಮಸುಮ್ಮನೆ ಆಸೆ ತೋರಿಸುವವರಲ್ಲ. ಕೀಲು ಗಟ್ಟಿಯಾಗುವ ಮದ್ದು ಇಲ್ಲ, ಸುತ್ತಲಿನ ಮಾಂಸಖಂಡ ಬಲವಾಗಲು ನಿಧಾನವಾಗಿ ವ್ಯಾಯಾಮ ಮಾಡಬೇಕು ಎಂದರು. ಆದರೆ ನೋವಿನಿಂದ ಅವಳು ಕೈಯೆತ್ತುವ ಸ್ಥಿತಿಯಲ್ಲೇ ಇರಲಿಲ್ಲ. ಬೇರೆ ಮಾತ್ರೆಗಳೆಲ್ಲ ನುಂಗಿ ಆಗಿತ್ತು. ಹೊಟ್ಟೆ ಹುಣ್ಣಾಗಿದ್ದೊಂದೇ ಲಾಭ. "ಭಂಗಿ ಎಣ್ಣೆ ನಾಲಗೆ ಕೆಳಗೆ ಹನಿ ಹನಿ ಹಾಕಿ ನೋಡಬಹುದು. ಕೆಲವರಿಗೆ ಕೆಲಸ ಮಾಡುತ್ತೆ, ಕೆಲವರಿಗೆ ಇಲ್ಲ. ನೋವು ಪೂರ್ತಿ ಹೋಗಲ್ಲ. ಸ್ವಲ್ಪ ಹಿಂದೆ ಸರಿದರೂ ವ್ಯಾಯಾಮಕ್ಕೆ ದಾರಿ ಆಗುತ್ತೆ" ಎಂದರು.

ಭಂಗಿ ಸೊಪ್ಪು ನಮ್ಮ ಆಸ್ಪತ್ರೆಯ ಹಿಂದೆ ಬೇಲಿಯೊಳಗೆ ಬೆಳೆಯುತ್ತದೆ. ಎಣ್ಣೆ ತೆಗೆಯುವುದು ಆಸ್ಪತ್ರೆಯವರೇ. ಆದರೆ ಕೊಡಲು ಡಾಕ್ಟರ ಮಾತೊಂದೇ ಸಾಲದು, ಬಟ್ಟಲಿನ ದನಿ ಕೇಳಿ ನೋವು ನಿಜವೋ ಎಂದು ತೀರ್ಪು ಹೇಳುವ ಆಲಿಸುವ ಕಟ್ಟೆಯ ಹಿರಿಯರು ಹೂಂ ಎನ್ನಬೇಕು. ನೋವು ಎಂದು ಹೇಳಿಕೊಂಡು ಯಾರು ಬೇಕಾದರೂ ಭಂಗಿ ಕೇಳಬಾರದಲ್ಲ ಎಂದು ಹಿಂದಿನವರು ಮಾಡಿಟ್ಟ ಕಟ್ಟಳೆ. ಅದರಲ್ಲಿ ತಪ್ಪೇನೂ ನನಗೆ ಕಾಣುತ್ತಿರಲಿಲ್ಲ.

ಸೋಮವಾರ ಕಟ್ಟೆಗೆ ಹೋದೆವು. ಸಿದ್ಧಲಿಂಗು ಬಟ್ಟಲನ್ನು ಮಣೆಸಮೇತ ಎದೆಗವುಚಿಕೊಂಡು ತಂದಿಟ್ಟು, ಮರದಡಿಗೆ ಹೋಗಿ ನಿಂತ. ಕಟ್ಟೆಯ ಹಿರಿಯರು ತಿರುಮಲಯ್ಯನವರು. ಬಿಳಿ ಪೇಟ, ಕಿವಿಯಲ್ಲಿ ಹರಳಿನ ಒಂಟಿ. ಕಿವಿ ಎಂಥದೆಂದರೆ ಬಟ್ಟಲಿನ ದನಿ ಕೇಳಿ ನೋವು ಪಿತ್ತಕೋಶದ್ದೋ ಕರುಳಿನದೋ ಎನ್ನುತ್ತಿದ್ದರು. ನಮಗಿಂತ ಮುಂಚೆ ಒಬ್ಬ ಆಸಾಮಿ ಬಂದಿದ್ದ. ಸೊಂಟನೋವೆಂದು ಹೇಳಿಕೊಂಡು, ಬಟ್ಟಲು ನುಡಿಯಲೆಂದು ಕಟ್ಟೆಯ ಕಲ್ಲಿಗೆ ಕಾಲು ಜಜ್ಜಿಕೊಂಡಿದ್ದ. ತಿರುಮಲಯ್ಯನವರು ಕಣ್ಣುಮುಚ್ಚಿ ಕೇಳಿ, "ಇದು ಹೆಬ್ಬೆಟ್ಟಿನ ದನಿ ಕಣಯ್ಯ. ಹೋಗಿ ಸುಣ್ಣ ಬೆಲ್ಲ ಹಚ್ಕೊ" ಎಂದು ಕಳಿಸಿದರು. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ವಾರಿಜಳ ಸರದಿ ಬಂತು. ಎಲ್ಲರೂ ಉಸಿರು ಬಿಗಿಹಿಡಿದು ಆಲಿಸಿದೆವು. ಕೆಂಪು ಬಟ್ಟೆಯೊಳಗಿನಿಂದ ಇರುವೆ ಹರಿದಷ್ಟು ಸದ್ದೂ ಬರಲಿಲ್ಲ.

"ಈಗ ನೋವಿದೆಯೇನಮ್ಮ?"

"ಇದೆ ಅಯ್ಯ. ಯಾವಾಗಲೂ ಇರುತ್ತೆ."

"ಎಲ್ಲಿ?"

"ಎಲ್ಲಿ ಇಲ್ಲ ಅಂತ ಹೇಳೋದು ಸುಲಭ" ಎಂದಳು ವಾರಿಜ. ಆಮೇಲೆ, ಅವರಿಗೆ ತಿಳಿಯಲೆಂದು, ಹೆಬ್ಬೆರಳನ್ನು ಹಿಂದಕ್ಕೆ ಎಳೆದು ಕೀಲು ಸರಿದು ನಿಲ್ಲುವುದನ್ನು ತೋರಿಸಿದಳು. ಅವಳ ಹಣೆಯಲ್ಲಿ ಬೆವರೊಡೆಯಿತು. ಗುಂಪಿನಲ್ಲಿ ಯಾರೋ ಹಳೆಯ ನೆನಪಿಗೆ ಚಪ್ಪಾಳೆ ತಟ್ಟಿದರು. "ರಬ್ಬರ್ ಗೊಂಬೆ!" ಎಂದು ಕೂಗಿದರು. ಬಟ್ಟಲು ಸುಮ್ಮನಿತ್ತು.

ತಿರುಮಲಯ್ಯನವರು ಕೆಟ್ಟವರಲ್ಲ. ಬಹಳ ಮೆತ್ತಗೆ ಹೇಳಿದರು: "ನೋಡಮ್ಮ, ಬಿದ್ದ ಕಡ್ಡಿ ಎತ್ತಿಕೊಳ್ಳೋಕೆ ನನ್ನ ಸೊಂಟ ಬಗ್ಗಲ್ಲ. ನೀನು ಬಳ್ಳಿ ಹಾಗೆ ಬಳುಕ್ತೀಯ. ಇಷ್ಟು ಬಗ್ಗೋ ಮೈಯಲ್ಲಿ ನೋವು ಎಲ್ಲಿ ಕೂರುತ್ತೆ? ಬಟ್ಟಲು ಸುಳ್ಳು ಹೇಳಲ್ಲ. ಮನೆಗೆ ಹೋಗು, ಒಳ್ಳೇದಾಗುತ್ತೆ."

ಅವಳು ಬೆರಳನ್ನು ಒತ್ತಿ ಕೂರಿಸಿಕೊಂಡಳು. ದಾರಿಯಲ್ಲಿ ನನಗೆ ಹೇಳಿದಳು: "ಅಕ್ಕಾ, ಈ ತಿಂಗಳು ಮುಗಿದ ಮೇಲೆ ನಾನು ಅಂಗಡಿಗೆ ಬರಲ್ಲ. ಕೈ ನಡೆಯಲ್ಲ. ನಾನು ನಿಜ ಹೇಳ್ತಿದೀನೋ ಇಲ್ವೋ ಅಂತ ಈಗೀಗ ನನಗೇ ಅನುಮಾನ ಬರುತ್ತೆ." ನನಗೆ ಸಿಟ್ಟು ಬಂತು, ಅದನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ಗೊತ್ತಾಗದೆ ಕಾಯಿಪಲ್ಯದವಳ ಜೊತೆ ಜಗಳ ತೆಗೆದೆ.

ಆ ತಿಂಗಳಲ್ಲೇ ವಾರಿಜಳ ತವರಿನಲ್ಲಿ ಹೆಸರಿಡುವ ಶಾಸ್ತ್ರ ಬಂತು. ಅವಳ ತಮ್ಮನ ಹೆಂಡತಿ ಪವಿತ್ರ ಚೊಚ್ಚಲು ಹೆತ್ತಿದ್ದಳು, ಹೆಣ್ಣುಕೂಸು. ತೊಟ್ಟಿಲ ಕೂಸಿಗೆ ಕರಿಬಳೆ ತೊಡಿಸುವುದು ನನ್ನ ಕೆಲಸ, ಹೀಗಾಗಿ ನಾನೂ ಹೋಗಿದ್ದೆ. ಮೊಮ್ಮಗಳ ಸಂಭ್ರಮದಲ್ಲಿ ವಾರಿಜಳ ತಾಯಿ ಸಾವಂತ್ರಮ್ಮನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ನಾನು ಬಳೆ ತೆಗೆದು ವಾರಿಜಳ ಕೈಗೆ ಕೊಟ್ಟು, "ಸೋದರತ್ತೆ ನೀನೇ ತೊಡಿಸು" ಎಂದೆ. ಅವಳು ಕೂಸಿನ ಕೈ ಹಿಡಿದಳು. ಬಳೆ ತಾನಾಗಿಯೇ ಏರಿತು. ವಾರಿಜ ಅಲ್ಲಿಗೆ ನಿಲ್ಲಿಸಿ, ಕೂಸಿನ ಪುಟ್ಟ ಹೆಬ್ಬೆರಳನ್ನು ನೋಡುತ್ತಾ ಕೂತುಬಿಟ್ಟಳು. ಅದು ಮಡಿಚಿಕೊಂಡು ಮಣಿಕಟ್ಟಿಗೆ ತಾಗಿಕೊಂಡಿತ್ತು.

ಪವಿತ್ರ ಕೂಸಿನ ಬಟ್ಟಲನ್ನು ಗೂಡಿನ ಮಣೆಯ ಮೇಲೆ ಕೂರಿಸಿದಳು. ಕೈ ಬಿಟ್ಟ ಕ್ಷಣವೇ ಅದು ಗುಂಯ್ ಎಂದಿತು. ಇರುವೆಯೇನಾದರೂ ಕಚ್ಚಿತೇ ಎಂದು ಕೂಸಿನ ಬಟ್ಟೆ ಬಿಚ್ಚಿ ನೋಡಿದರು. ಹೊಟ್ಟೆನೋವಿರಬೇಕೆಂದು ಬಜೆ ತೇದು ನೆಕ್ಕಿಸಿದರು. ಸದ್ದು ನಿಲ್ಲಲಿಲ್ಲ. ಬಟ್ಟಲೇ ಸರಿಯಿಲ್ಲವೆಂದು ಕಂಚುಗಾರರ ಮನೆಯಿಂದ ಬೇರೆ ತರಿಸಿದರು. ಅದೂ ಹಾಗೆಯೇ. ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಬಾಯಿಬಿಟ್ಟು ಆಡದ ಮಾತು ನನಗೂ ಗೊತ್ತಿತ್ತು: ಹುಚ್ಚು ಬಟ್ಟಲು. ಕಾರಣವಿಲ್ಲದೆ ನುಡಿಯುವ ಬಟ್ಟಲಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಹುಚ್ಚು ಬಟ್ಟಲಿನ ಹೆಣ್ಣಿಗೆ ಗಂಡು ಸಿಗುವುದು ಕಷ್ಟ. ಪವಿತ್ರ ಅಳಲು ಶುರುಮಾಡಿದಳು.

ಸಾವಂತ್ರಮ್ಮ ಮಾತ್ರ ಗಾಬರಿಯಾಗಲಿಲ್ಲ. ಒಳಗಿನಿಂದ ಒಂದು ಸಿಂಬಿ ತಂದರು. ಕೊಡ ಹೊರುವಾಗ ತಲೆಯ ಮೇಲಿಟ್ಟುಕೊಳ್ಳುತ್ತೇವಲ್ಲ, ಬಟ್ಟೆ ಸುತ್ತಿದ ಬಳೆಯಂಥದ್ದು, ಅದು. ಸೊಸೆಯ ಕಿವಿಯ ಹತ್ತಿರ ಬಾಗಿ ಹೇಳಿದರು: "ಹೆದರ್ಕೋಬೇಡ ಮಗಾ. ಇದರ ಮೇಲೆ ಕೂರಿಸಿ ಕೆಂಪು ಬಟ್ಟೆ ಕಟ್ಟಿಬಿಡು, ಸದ್ದು ಅಡಗುತ್ತೆ. ಯಾರಿಗೂ ಗೊತ್ತಾಗಲ್ಲ. ವಾರಿಜಂದೂ ಹಿಂಗೇ ಇತ್ತು."

ಪಿಸುಮಾತೇ ಅದು. ಆದರೆ ನಾನೂ ವಾರಿಜಳೂ ತೊಟ್ಟಿಲ ಪಕ್ಕದಲ್ಲೇ ಕೂತಿದ್ದೆವು.

"ಅವ್ವಾ" ಎಂದಳು ವಾರಿಜ. "ನನ್ನ ಬಟ್ಟಲ ಕೆಳಗೆ ಸಿಂಬಿ ಇದೆಯಾ?"

ಸಾವಂತ್ರಮ್ಮನ ಕೈಯಲ್ಲಿ ಸಿಂಬಿ ಹಾಗೇ ಉಳಿಯಿತು. "ಏನ್ ಮಾಡ್ಲಿ ಮಗಳೇ. ಹಗಲೂ ಇರುಳೂ ಒಂದೇ ಸಮ ನುಡೀತಿತ್ತು. ಮೂರು ಬಟ್ಟಲು ಬದಲಾಯಿಸಿದೆ. ಆಮೇಲೆ ಬೆಳೀತಾ ನೀನು ನೋಡಿದ್ರೆ ಆಡ್ಕೊಂಡು, ಕುಣ್ಕೊಂಡು ಚೆನ್ನಾಗೇ ಇದ್ದೆ. ಹುಚ್ಚು ಬಟ್ಟಲು ಅಂದ್ರೆ ನಿನ್ನನ್ನ ಯಾರು ಮನೆ ತುಂಬಿಸ್ಕೊಳ್ತಿದ್ರು?"

"ನಾನು ಚೆನ್ನಾಗಿರಲಿಲ್ಲ ಅವ್ವ. ಎಲ್ಲರಿಗೂ ಹೀಗೇ ನೋಯುತ್ತೆ ಅಂದ್ಕೊಂಡಿದ್ದೆ."

ಮನೆಯ ತುಂಬ ಹೆಂಗಸರಿದ್ದರೂ ಕೂಸಿನ ಬಟ್ಟಲಿನದೊಂದೇ ಸದ್ದು. ವಾರಿಜ ತಾಯಿಯ ಕೈಯಿಂದ ಸಿಂಬಿ ಕಿತ್ತುಕೊಂಡು ತನ್ನ ತೊಡೆಯ ಕೆಳಗಿಟ್ಟು ಕೂತಳು. "ಪವಿತ್ರಾ, ಬಟ್ಟಲು ಬರೀ ಮಣೆ ಮೇಲೇ ಇರಲಿ. ಕೂಸನ್ನ ರಟ್ಟೆ ಹಿಡಿದು ಎತ್ತಬೇಡ, ಬೆನ್ನಿಗೆ ಕೈಕೊಟ್ಟು ಎತ್ತು" ಎಂದಳು. ಪವಿತ್ರ ಹಾಗೆಯೇ ಎತ್ತಿಕೊಂಡಳು. ಬಟ್ಟಲಿನ ಸದ್ದು ಇಳಿಯಿತು. ಪೂರ್ತಿ ನಿಲ್ಲಲಿಲ್ಲ, ಆದರೆ ಇಳಿದದ್ದು ಅಲ್ಲಿದ್ದವರಿಗೆಲ್ಲ ಕೇಳಿಸಿತು.

"ಸೋಮವಾರ ಕಟ್ಟೆಗೆ ಬಾ ಅವ್ವ. ನನ್ನ ಬಟ್ಟಲನ್ನ ನೀನೇ ಎತ್ತಬೇಕು" ಎಂದಳು ವಾರಿಜ.

"ಊರ ಮುಂದೇನಾ? ಮನೇಲೇ ಎತ್ತಿಕೊಡ್ತೀನಿ ಕಣೇ. ಊರ ಮುಂದೆ ಬೇಡ."

"ನನಗೆ ನೋವಿಲ್ಲ ಅಂದಿದ್ದು ಊರ ಮುಂದೇನೇ ಅಲ್ವಾ?"

ಸೋಮವಾರ ನಾವು ಬೆಳಿಗ್ಗೆಯೇ ಹೋಗಿ ಕೂತೆವು. ಸಾವಂತ್ರಮ್ಮ ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಬೇರೆಯವರ ಬಟ್ಟಲುಗಳೆಲ್ಲ ಮುಗಿದವು. ತಿರುಮಲಯ್ಯನವರು ಅಂಗವಸ್ತ್ರ ಕೊಡವಿ ಏಳಲು ಹೊರಟರು. ವಾರಿಜ ಬೀದಿಯ ತಿರುವನ್ನೇ ನೋಡುತ್ತಿದ್ದಳು. ಎಣ್ಣೆಯ ಮಾತಿರಲಿ, ಹೆತ್ತವಳು ಬರುತ್ತಾಳೋ ಇಲ್ಲವೋ ಎಂಬುದೇ ಅವಳಿಗೆ ದೊಡ್ಡದಾಗಿತ್ತೆಂದು ನನಗೆ ಅವಳ ಮುಖದಲ್ಲಿ ಕಾಣುತ್ತಿತ್ತು. ಕೊನೆಗೂ ಸಾವಂತ್ರಮ್ಮ ಬಂದರು. ತಲೆ ತುಂಬ ಸೆರಗು ಹೊದ್ದು, ಯಾರ ಮುಖವನ್ನೂ ನೋಡದೆ ನೇರವಾಗಿ ಬಟ್ಟಲಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು.

ಗಂಟು ಬಿಚ್ಚಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಕೆಂಪು ಬಟ್ಟೆ ಸರಿಯಿತು. ಬಟ್ಟಲಿನ ಕೆಳಗೆ ಮಾಸಿದ ಹಳದಿ ಬಟ್ಟೆಯ ಸಿಂಬಿ ಚಪ್ಪಟೆಯಾಗಿ ಕೂತಿತ್ತು. ಸಾವಂತ್ರಮ್ಮ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ, ಸಿಂಬಿಯನ್ನು ಮೊಣಕಾಲಿನಿಂದ ಆಚೆ ತಳ್ಳಿ, ಬರೀ ಮಣೆಯ ಮೇಲಿಟ್ಟು ಕೈ ತೆಗೆದರು.

ಆ ಸದ್ದನ್ನು ನಾನು ಸಾಯುವವರೆಗೂ ಮರೆಯಲಾರೆ. ಅದು ಒಂದು ದನಿಯಲ್ಲ. ಸಣ್ಣದು, ದಪ್ಪದು, ಚೂಪಾದದ್ದು ಎಲ್ಲ ಒಟ್ಟಿಗೆ ಬಂದವು. ಮರದ ಮೇಲಿನ ಕಾಗೆಗಳು ಹಾರಿಹೋದವು. ಸಿದ್ಧಲಿಂಗು ನಿಂತಲ್ಲೇ ಕೂತುಬಿಟ್ಟ. ತಿರುಮಲಯ್ಯನವರು ಎಂದಿನಂತೆ ಕಣ್ಣುಮುಚ್ಚಿದರು. ಒಂದೊಂದೇ ಹೇಳತೊಡಗಿದರು: "ಭುಜ. ಎರಡೂ ಭುಜ. ಮಣಿಕಟ್ಟು. ಸೊಂಟದ ಕೀಲು. ದವಡೆ..." ಕಣ್ಣು ತೆರೆದು ಸಾವಂತ್ರಮ್ಮನ ಕಡೆ ತಿರುಗಿದರು.

"ಇದು ಎಂದಿನಿಂದ ಹೀಗಿದೆ ತಾಯಿ?"

"ಹೆಸರಿಟ್ಟ ದಿನದಿಂದ" ಎಂದರು ಸಾವಂತ್ರಮ್ಮ. "ನಾನೇ ಬಾಯಿ ಮುಚ್ಚಿಸಿದೆ ಅಯ್ಯ. ನನ್ನ ಕೈಯಾರೆ ಮುಚ್ಚಿಸಿದೆ."

ತಿರುಮಲಯ್ಯನವರು ಎದ್ದು ನಿಂತು ವಾರಿಜಳಿಗೆ ಕೈಮುಗಿದರು. "ಬಟ್ಟಲು ಸುಳ್ಳು ಹೇಳಲ್ಲ ಅಂದಿದ್ದೆ. ನಿನ್ನ ಮಾತನ್ನೂ ಕೇಳಬೇಕಿತ್ತಮ್ಮ" ಎಂದರು. ಆಸ್ಪತ್ರೆಯ ಕಡೆ ತಿರುಗಿ, ಎಣ್ಣೆ ಕೊಡಲು ಹೂಂ ಎಂದು ತಲೆಯಾಡಿಸಿದರು. ವಾರಿಜ ಅದಾವುದನ್ನೂ ನೋಡಲಿಲ್ಲ. ತನ್ನ ಬಟ್ಟಲಿನ ದನಿಯನ್ನು ಮೊದಲ ಸಲ ಕೇಳುತ್ತಾ, "ನಿಜ ಅಕ್ಕಾ, ನಿಜವಾಗ್ಲೂ ಇತ್ತು" ಎಂದು ನನ್ನ ಕೈ ಹಿಡಿದು ಅಳುತ್ತಾ ನಗುತ್ತಾ ಕೂತಿದ್ದಳು.

ಆ ವಾರ ಊರಿನಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿ ಕೆಂಪು ಬಟ್ಟೆಯ ಗಂಟು ಬಿಚ್ಚಿದರು. ಹುಚ್ಚು ಬಟ್ಟಲುಗಳು ಹಾಗೆ ಅಡಗಿ ಕೂತಿದ್ದವೆಂದು ಯಾರಿಗೆ ಗೊತ್ತಿತ್ತು! ಸೋಮಾರಿ ಎನಿಸಿಕೊಂಡಿದ್ದವರು, ನೆಪ ಹೇಳುತ್ತಾರೆ ಎನಿಸಿಕೊಂಡಿದ್ದವರು, ಒಬ್ಬೊಬ್ಬರೇ ಆಸ್ಪತ್ರೆಯ ಜಗಲಿಯಲ್ಲಿ ಬಂದು ಕೂತರು. ಊರಿನ ಗದ್ದಲ ಹೆಚ್ಚಾಯಿತು, ನಮಗೆ ಒಬ್ಬರಿಗೊಬ್ಬರು ಜೋರಾಗಿ ಮಾತಾಡುವುದು ಅಭ್ಯಾಸವಾಯಿತು. ಕೂಸಿಗೆ ಎಣ್ಣೆ ಗಿಣ್ಣೆ ಏನೂ ಬೇಡ ಎಂದ ಡಾಕ್ಟರಮ್ಮ, ಅದನ್ನು ಹಿಡಿಯುವ ಬಗೆ, ಮಲಗಿಸುವ ಬಗೆಯನ್ನು ಪವಿತ್ರಳಿಗೆ ಕಲಿಸಿಕೊಟ್ಟರು.

ವಾರಿಜಳಿಗೆ ಎಣ್ಣೆ ಮೊದಮೊದಲು ಒಗ್ಗಲಿಲ್ಲ. ಬಾಯಿ ಒಣಗುತ್ತದೆ, ತಲೆ ಸುತ್ತುತ್ತದೆ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಯಾರೂ ಏನೂ ಹೇಳದಿದ್ದರೂ ತಾನೇ ನಗುತ್ತಾ ಕೂತು, ಗಿರಾಕಿಗೆ ತಂದಿಟ್ಟಿದ್ದ ಕೋಡುಬಳೆಯನ್ನೆಲ್ಲ ತಿಂದು ಮುಗಿಸಿದಳು. ಅತ್ತೆ ಅದನ್ನೂ ಆಡಿಕೊಂಡರು. ಆದರೆ ಈಗ ಆಡಿಕೊಂಡಾದ ಮೇಲೆ ಸೊಸೆಯ ಕೈಯಿಂದ ಮುದ್ದೆ ಕೋಲು ತೆಗೆದುಕೊಂಡು ತಾವೇ ತೊಳಸುತ್ತಿದ್ದರು. ಡಾಕ್ಟರಮ್ಮ ಹನಿ ಕಡಿಮೆ ಮಾಡಿ, ಮೆಲ್ಲಮೆಲ್ಲಗೆ ಏರಿಸಿದರು. ನಿದ್ದೆ ಹತ್ತಿತು. ವ್ಯಾಯಾಮ ಶುರುವಾಯಿತು. ಬಟ್ಟಲಿನ ದನಿ ವಾರದಿಂದ ವಾರಕ್ಕೆ ತಗ್ಗಿತು. ತಿಂಗಳು ಮುಗಿದರೂ ಅವಳು ಅಂಗಡಿ ಬಿಡಲಿಲ್ಲ.

ಬಟ್ಟಲನ್ನು ಮಣೆಸಮೇತ ನನ್ನ ಅಂಗಡಿಗೇ ತಂದಿಟ್ಟುಕೊಂಡಿದ್ದಳು. ನಾನೇ ಇರಲಿ ಎಂದಿದ್ದೆ. ಮಧ್ಯಾಹ್ನವಾದರೆ ಸಾವಂತ್ರಮ್ಮ ಬಂದು ಅದರ ಪಕ್ಕದಲ್ಲಿ ಗೋಡೆಗೊರಗಿ ಕೂರುತ್ತಿದ್ದರು. ಮಗಳಿಗೂ ಅವರಿಗೂ ಹೆಚ್ಚು ಮಾತಿರಲಿಲ್ಲ. ಹೂಬತ್ತಿ ಹೊಸೆಯುತ್ತಾ ಬಟ್ಟಲನ್ನು ಕೇಳುತ್ತಿದ್ದರು. ಗಿರಾಕಿ ಯಾರಾದರೂ "ಎಷ್ಟು ಸದ್ದಪ್ಪ ಇದು" ಎಂದರೆ, "ನನ್ನ ಮಗಳು ಮಾತಾಡ್ತಿದಾಳೆ, ಸ್ವಲ್ಪ ಸುಮ್ನಿರಿ" ಎನ್ನುತ್ತಿದ್ದರು. ಅವರ ಸ್ವಂತ ಬಟ್ಟಲು ಆ ದಿನಗಳಲ್ಲಿ ಒಮ್ಮೆಯೂ ನುಡಿಯಲಿಲ್ಲವಂತೆ. ಮೊದಲೇ ಹೇಳಿದೆನಲ್ಲ, ಬಟ್ಟಲಿಗೆ ಮೈನೋವಷ್ಟೇ ಗೊತ್ತು.

ಗೌರಿ ಹಬ್ಬದ ಹಿಂದಿನ ದಿನ ಅಂಗಡಿ ತುಂಬ ಜನ. ಪವಿತ್ರಳೂ ಕೂಸನ್ನು ಎತ್ತಿಕೊಂಡು ಬಂದಿದ್ದಳು. ವಾರಿಜ ಹಸಿರು ಬಳೆ ತೊಡಿಸುವುದನ್ನು ನಡುವೆ ನಿಲ್ಲಿಸಿ, ಕೈಚಾಚಿ ಕೂಸನ್ನು ಇಸಿದುಕೊಂಡು ಎದೆಗೆ ಒರಗಿಸಿಕೊಂಡಳು. ಭುಜ ಜಾರಲಿಲ್ಲ. ಅವಳು ಕೂಸಿನ ತಲೆಯ ಮೇಲೆ ಗಲ್ಲವಿಟ್ಟು ನಿಂತಿದ್ದಾಗ ಅಂಗಡಿಯಲ್ಲಿ ಏನೋ ಕಳೆದುಹೋದ ಹಾಗೆ ಆಯಿತು. ಎಲ್ಲರೂ ಮಾತು ನಿಲ್ಲಿಸಿದೆವು. ಏನೆಂದು ತಿಳಿಯಲು ನನಗೆ ಕೊಂಚ ಹೊತ್ತು ಬೇಕಾಯಿತು. ಬಟ್ಟಲು ಸುಮ್ಮನಾಗಿತ್ತು.

ಸಾವಂತ್ರಮ್ಮನ ತೊಡೆಯಿಂದ ಹೂಬತ್ತಿಗಳು ಉದುರಿದವು. "ಯಾರಿಟ್ರು? ಯಾರಿಟ್ರು ಇದರ ಕೆಳಗೆ?" ಎಂದು ಕೂಗುತ್ತಾ ಬಟ್ಟಲನ್ನು ಎತ್ತಿ, ಸಿಂಬಿ ಹುಡುಕಿ ಮಣೆಯ ಮೇಲೆಲ್ಲ ಅಂಗೈ ಆಡಿಸಿದರು. ಮತ್ತೆ ಮತ್ತೆ ಆಡಿಸಿದರು. ಕೆಳಗೆ ಬರೀ ಮಣೆ ಇತ್ತು.